ಸ್ಟೆಫಾನ್ ಪಂಚಕದ ಛಾಯಾಚಿತ್ರಗಳು: ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು?

ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ಅಕ್ಟೋಬರ್ ನಡುವಿನಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ, ಪೂರ್ವದಿಂದ ನೆತ್ತಿಯತ್ತ ಏರುತ್ತಿರುವ ನಾಲ್ಕು ನಕ್ಷತ್ರಗಳ ದೊಡ್ಡ ಚೌಕವೊಂದು ಕಾಣುತ್ತದೆ. ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳಿಂದಾದ ಈ ಚೌಕ ಪೆಗಸಸ್ ಪುಂಜದ ಗುರುತು. ಚೌಕದ ವಾಯವ್ಯ ಮೂಲೆಯಿಂದ ಮತ್ತೂ ವಾಯವ್ಯಕ್ಕೆ ಸರಿದರೆ ಎನ್‌ಜಿಸಿ 7331 ಎಂಬ ಸುರುಳಿ ಗೆಲಾಕ್ಸಿ ಸಿಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ಅರ್ಧ ಡಿಗ್ರಿ ದೂರದಲ್ಲಿದೆ ಸ್ಟೆಫಾನ್ ಪಂಚಕ. ಕರ್ನಾಟಕದಿಂದ ನೋಡುವವರಿಗೆ ಆ ಹೊತ್ತಿನಲ್ಲಿ ಅದು ಉತ್ತರ ದಿಕ್ಕಿನಲ್ಲಿ ಸುಮಾರು 70 ಡಿಗ್ರಿ ಎತ್ತರದಲ್ಲಿರುತ್ತದೆ. ಛಾಯಾಚಿತ್ರ ತೆಗೆಯಲು ಇದಕ್ಕಿಂತ ಅನುಕೂಲವಾದ ಸ್ಥಾನ ಬೇಕಿಲ್ಲ.

ಹಾಗೆಂದು ಅದು ಸುಲಭದ ಬೇಟೆಯಲ್ಲ. ಐದೂ ಗೆಲಾಕ್ಸಿಗಳು ಸೇರಿ ಚಂದ್ರಬಿಂಬದ ವ್ಯಾಸದ ಎಂಟನೆಯ ಒಂದು ಭಾಗದಷ್ಟು ಜಾಗದಲ್ಲಿ ಮುದುರಿಕೊಂಡಿವೆ. ಅವುಗಳ ಕಾಂತಿಮಾನ ಸುಮಾರು 13ರಿಂದ 15ರ ನಡುವಿನದು. 20 ಸೆಂಟಿಮೀಟರ್ ವ್ಯಾಸದ ಕನ್ನಡಿ, 1000 ಮಿಲಿಮೀಟರ್ ಸಂಗಮದೂರ, ಇಂದು ಹವ್ಯಾಸಿಗಳು ಹೆಚ್ಚಾಗಿ ಬಳಸುವ 3.76 ಮೈಕ್ರಾನ್ ಚುಕ್ಕೆಗಳ ಸಂವೇದಕ - ಇವುಗಳನ್ನು ಜೋಡಿಸಿದರೆ ಒಂದು ಚುಕ್ಕೆಗೆ ಸುಮಾರು 0.78 ಕೋನ-ಸೆಕೆಂಡ್ ಬರುತ್ತದೆ. ಅಂದರೆ ಇಡೀ ಪಂಚಕ ಚಿತ್ರದಲ್ಲಿ ಹೆಚ್ಚೆಂದರೆ 300 ಚುಕ್ಕೆ ಅಗಲ. ವಾಯುಮಂಡಲದ ಅಲುಗಾಟ ಪ್ರತಿ ನಕ್ಷತ್ರವನ್ನೂ ಎರಡು ಮೂರು ಕೋನ-ಸೆಕೆಂಡಿನಷ್ಟು ಹರಡುವುದರಿಂದ, ನಿಜವಾಗಿ ಬೇರ್ಪಡಿಸಿ ಕಾಣಬಹುದಾದ ವಿವರ ಇನ್ನೂ ಕಡಿಮೆ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಟೀಕೆಗಳೆಲ್ಲ ಇದನ್ನು ಆಧರಿಸಿವೆ.

ಫ್ರಾನ್ಸಿನ ಮಾರ್ಸೇ ವೀಕ್ಷಣಾಲಯದಲ್ಲಿ ಎದುವಾರ್ ಸ್ಟೆಫಾನ್ ಈ ಗುಂಪನ್ನು ಕಂಡದ್ದು 1877ರಲ್ಲಿ. ಫೂಕೋ ರೂಪಿಸಿದ್ದ, ಗಾಜಿಗೆ ಬೆಳ್ಳಿ ಲೇಪಿಸಿದ 80 ಸೆಂಟಿಮೀಟರ್ ಕನ್ನಡಿಯ ದೂರದರ್ಶಕದಲ್ಲಿ ಬರಿಗಣ್ಣಿಟ್ಟು ನೋಡಿ ಅವನು ದಾಖಲಿಸಿದ್ದು ಮಸುಕು ಮಚ್ಚೆಗಳನ್ನು. ನಮ್ಮ ಬ್ರಹ್ಮಾಂಡದ ಆಚೆಗೆ ಬೇರೆ ಗೆಲಾಕ್ಸಿಗಳಿವೆ ಎಂಬುದೇ ಆಗ ಇತ್ಯರ್ಥವಾಗಿರಲಿಲ್ಲ. ಅವು 'ನೀಹಾರಿಕೆ'ಗಳು ಅಷ್ಟೆ. ಇದೇ ದೂರದರ್ಶಕದ ಬಾಯಿಗೆ ಎರಡು ಸೀಳುಗಳ ಮುಚ್ಚಳ ಹಾಕಿ ನಕ್ಷತ್ರಗಳ ಕೋನವ್ಯಾಸ ಅಳೆಯಲು ಸ್ಟೆಫಾನ್ ಪ್ರಯತ್ನಿಸಿದ್ದ. ಅದು ಅಳತೆಗೆ ಸಿಗಲಿಲ್ಲ. ಆಗ ಅವನು ಹೇಳಿದ್ದು ಇಷ್ಟೆ: ಯಾವ ನಕ್ಷತ್ರದ ವ್ಯಾಸವೂ 0.158 ಕೋನ-ಸೆಕೆಂಡಿಗಿಂತ ಹೆಚ್ಚಿಲ್ಲ. ಉಪಕರಣದ ಮಿತಿಯನ್ನೇ ಫಲಿತಾಂಶವಾಗಿ ಬರೆದುಕೊಟ್ಟ ಈ ಶಿಸ್ತು ಇಂದಿನ ಚಿತ್ರಗಳಲ್ಲಿ ಅಪರೂಪ.

ಸ್ಟೆಫಾನನ ಕನ್ನಡಿಗಿಂತ ನಾಲ್ಕು ಪಟ್ಟು ಕಿರಿದಾದ ಹವ್ಯಾಸಿ ಕನ್ನಡಿ ಅವನಿಗಿಂತ ಹೆಚ್ಚು ತೋರಿಸುವುದು ಹೇಗೆ? ಕಣ್ಣು ಬೆಳಕನ್ನು ಕೂಡಿಡಲಾರದು, ಸಂವೇದಕ ಗಂಟೆಗಟ್ಟಲೆ ಕೂಡಿಡುತ್ತದೆ. ಮೇಲೆ ಬಿದ್ದ ಫೋಟಾನುಗಳಲ್ಲಿ ಬಹುಪಾಲನ್ನು ಅದು ಎಣಿಸುತ್ತದೆ. ಸಾಮರ್ಥ್ಯದ ಕೊರತೆ ಈಗ ಇಲ್ಲ. ತೊಂದರೆ ಇರುವುದು ಆ ಸಾಮರ್ಥ್ಯದಿಂದ ಬಂದದ್ದನ್ನು ಓದುವ, ತಿದ್ದುವ ಮತ್ತು ಹೆಸರಿಸುವ ರೀತಿಯಲ್ಲಿ.

ಹೆಸರಿನಿಂದಲೇ ಆರಂಭಿಸೋಣ. 'ಪರಸ್ಪರ ಢಿಕ್ಕಿಯಲ್ಲಿ ತೊಡಗಿರುವ ಐದು ಗೆಲಾಕ್ಸಿಗಳು' ಎಂಬ ಅಡಿಬರಹ ಹವ್ಯಾಸಿ ಚಿತ್ರಗಳ ಕೆಳಗೆ ಈಗಲೂ ಕಾಣಸಿಗುತ್ತದೆ. ಅದು ತಪ್ಪು ಎಂದು ತಿಳಿದು ಅರವತ್ತು ವರ್ಷಗಳು ದಾಟಿವೆ. 1961ರಲ್ಲಿ ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್ ದಂಪತಿಗಳು ಐದರ ರೋಹಿತಗಳನ್ನು ಪರೀಕ್ಷಿಸಿದಾಗ ಎನ್‌ಜಿಸಿ 7320ರ ಕೆಂಪು ಪಲ್ಲಟ ಉಳಿದವುಗಳಿಗೆ ಹೊಂದಲಿಲ್ಲ. ಅದು ದೂರ ಸರಿಯುವ ವೇಗ ಸೆಕೆಂಡಿಗೆ ಸುಮಾರು 800 ಕಿಲೋಮೀಟರ್. ಎನ್‌ಜಿಸಿ 7317, 7318ಎ ಮತ್ತು 7319ರ ವೇಗ ಸುಮಾರು 6,600. ಎನ್‌ಜಿಸಿ 7318ಬಿ ಸುಮಾರು 5,770. ಹಬಲ್ ಸ್ಥಿರಾಂಕವನ್ನು ಮೆಗಾಪಾರ್ಸೆಕ್‌ಗೆ 70 ಎಂದು ಹಿಡಿದು ಭಾಗಿಸಿದರೆ 7320ಕ್ಕೆ ಸುಮಾರು 4 ಕೋಟಿ ಜ್ಯೋತಿರ್ವರ್ಷ, 6,600ರ ವೇಗದವುಗಳಿಗೆ ಸುಮಾರು 30 ಕೋಟಿ ಜ್ಯೋತಿರ್ವರ್ಷ ಬರುತ್ತದೆ. ಇಂದು ಬಳಕೆಯಲ್ಲಿರುವ 4 ಕೋಟಿ ಮತ್ತು 29 ಕೋಟಿ ಎಂಬ ಅಂಕಿಗಳಿಗೆ ಇದು ಹತ್ತಿರ. 7318ಬಿಗೆ ಮಾತ್ರ ಈ ಭಾಗಾಕಾರ ಸಲ್ಲದು. ಅದು ಉಳಿದ ಮೂರರಿಂದ ದೂರವೇನೂ ಇಲ್ಲ, ಗುಂಪಿನೊಳಕ್ಕೆ ನುಗ್ಗುತ್ತಿದೆ. ಅದರ ವೇಗದಲ್ಲಿ ಆ ನುಗ್ಗಾಟವೂ ಬೆರೆತಿದೆ. ವಿದ್ಯಾರ್ಥಿಗಳು ಹಬಲ್ ನಿಯಮವನ್ನು ಯಾಂತ್ರಿಕವಾಗಿ ಬಳಸಬಾರದು ಎನ್ನುವುದಕ್ಕೆ ಇಷ್ಟು ಚೊಕ್ಕ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಅಂದರೆ ಪಂಚಕದಲ್ಲಿ ಒಂದು ಹೊರಗಿನದು. ಚಿತ್ರದಲ್ಲಿ 7320 ಮತ್ತು 7319 ಹೆಚ್ಚು ಕಡಿಮೆ ಸಮ ಗಾತ್ರದವಾಗಿ ಕಾಣುತ್ತವೆ. ಕೋನವ್ಯಾಸವನ್ನು ದೂರದಿಂದ ಗುಣಿಸಿ ನೋಡಿ: 7320ರ ಅಗಲ 25 ಸಾವಿರ ಜ್ಯೋತಿರ್ವರ್ಷದ ಆಸುಪಾಸು, 7319ರದು 1.4 ಲಕ್ಷದ ಆಸುಪಾಸು. ಒಂದು ಕುಳ್ಳ, ಇನ್ನೊಂದು ನಮ್ಮ ಆಕಾಶಗಂಗೆಯಷ್ಟೇ ದೊಡ್ಡದು. ಛಾಯಾಚಿತ್ರಕ್ಕೆ ಆಳವೆಂಬುದಿಲ್ಲ. ಎರಡನ್ನೂ ಅದು ಒಂದೇ ಹಲಗೆಯ ಮೇಲೆ ಬಡಿದಿಡುತ್ತದೆ.

ಇದನ್ನು ಹವ್ಯಾಸಿಗಳ ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಹಾಲ್ಟನ್ ಆರ್ಪ್‌ನಂಥ ಪಳಗಿದ ಖಗೋಳಜ್ಞನೂ ಚಿತ್ರ ತೋರಿಸಿದ್ದನ್ನೇ ನಂಬಿದ. 1966ರಲ್ಲಿ ಅವನು ಪ್ರಕಟಿಸಿದ ವಿಚಿತ್ರ ಗೆಲಾಕ್ಸಿಗಳ ಅಟ್ಲಾಸಿನಲ್ಲಿ ಪಂಚಕದ ಸಂಖ್ಯೆ 319. ಗುಂಪಿನಿಂದ ಪೂರ್ವಕ್ಕೆ ಚಾಚಿಕೊಂಡಿರುವ ಮಸುಕು ಬಾಲಗಳಲ್ಲಿ ಒಂದು, ನೋಡಲು 7320ಕ್ಕೆ ಅಂಟಿಕೊಂಡಂತೆಯೇ ಇದೆ. ಬಾಲವಿದ್ದರೆ ಗುರುತ್ವದ ಸೆಳೆತಕ್ಕೆ ಸಿಕ್ಕಿದೆ ಎಂದರ್ಥ. ಸೆಳೆತಕ್ಕೆ ಸಿಕ್ಕಿದ್ದರೆ ಅದು ಗುಂಪಿನ ಸದಸ್ಯ. ಹಾಗಾದರೆ ಕೆಂಪು ಪಲ್ಲಟ ದೂರದ ಅಳತೆಯಲ್ಲ - ಇದು ಆರ್ಪ್ 1970ರ ದಶಕದಲ್ಲಿ ಮುಂದಿಟ್ಟ ವಾದದ ಸರಣಿ. ಇಡೀ ಗುಂಪೇ ಸಮೀಪದ ಎನ್‌ಜಿಸಿ 7331ಕ್ಕೆ ಸಂಬಂಧಿಸಿದ್ದೆಂದು ಅವನು ಭಾವಿಸಿದ. ಇಂದು ನಾವು ತಿಳಿದಿರುವಂತೆ ಆ ಬಾಲ 7320ರದಲ್ಲ. ಅದು ಹಿಂದಿರುವ ಗುಂಪಿಗೆ ಸೇರಿದ್ದು, 7320ರ ಬೆನ್ನ ಹಿಂದಿನಿಂದ ಹಾದುಹೋಗುತ್ತದೆ. ಎನ್‌ಜಿಸಿ 7320ಸಿ ಎಂಬ ಮತ್ತೊಂದು ಗೆಲಾಕ್ಸಿ ಬಹುಕಾಲದ ಹಿಂದೆ ಗುಂಪಿನ ನಡುವೆ ಹಾದುಹೋದಾಗ ಎಳೆದುಬಿಟ್ಟ ಅವಶೇಷ ಅದು. ಹೆಸರಿನಲ್ಲಿ 7320 ಇದ್ದರೂ ಈ 'ಸಿ' ದೂರದ ಗುಂಪಿಗೆ ಸೇರಿದ್ದು. ಪಟ್ಟಿ ತಯಾರಿಸಿದವರು ಓದುಗರಿಗೆ ಉಪಕಾರ ಮಾಡಿಲ್ಲ. ಒಟ್ಟಿನಲ್ಲಿ, ಒಂದು ಮಸುಕು ಗೆರೆ ಯಾವುದಕ್ಕೆ ಸೇರಿದ್ದು ಎಂಬ ಪ್ರಶ್ನೆಗೆ ವಿಶ್ವದ ವಿಸ್ತರಣೆಯ ಅಳತೆಗೋಲನ್ನೇ ಅಲುಗಿಸುವಷ್ಟು ತೂಕ ಬಂದಿತ್ತು.

ಹೀಗಿರುವಾಗ ಹವ್ಯಾಸಿ ಚಿತ್ರವೊಂದರಲ್ಲಿ ಆ ಬಾಲ ಹೇಗೆ ಮೂಡಿದೆ ಎಂಬುದನ್ನು ಕಡ್ಡಾಯವಾಗಿ ನೋಡಬೇಕು. ಎರಡು ಬಗೆಯ ದೋಷಗಳು ಕಾಣುತ್ತವೆ. ಹಿನ್ನೆಲೆಯನ್ನು ಮಸಿಯಂತೆ ಕಪ್ಪಾಗಿಸುವುದು ಮೊದಲನೆಯದು. ಚಿತ್ರ ಆಗ 'ಎದ್ದು' ಕಾಣುತ್ತದೆ ನಿಜ. ಆದರೆ ಆಕಾಶದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರುವ ಬಾಲ ಆ ಕತ್ತರಿಯಲ್ಲೇ ಹೋಗುತ್ತದೆ. ಹತ್ತು ಗಂಟೆ ಕೂಡಿಸಿದ ಬೆಳಕನ್ನು ಹತ್ತು ಸೆಕೆಂಡಿನಲ್ಲಿ ಚೆಲ್ಲಿದಂತೆ.

ಎರಡನೆಯ ದೋಷ ಇದಕ್ಕೆ ವಿರುದ್ಧವಾದದ್ದು: ಮಸುಕನ್ನು ಎಳೆದೆಳೆದು ಇಲ್ಲದ ಬಾಲ ಸೃಷ್ಟಿಸುವುದು. ಒಂದು ಲೆಕ್ಕ ಮಾಡೋಣ. ಒಂದು ಚಿತ್ರದಲ್ಲಿ ಒಂದು ಚುಕ್ಕೆಗೆ ಆಕಾಶದ ಹಿನ್ನೆಲೆಯಿಂದ 1,000 ಎಣಿಕೆ, ಬಾಲದಿಂದ 15 ಎಣಿಕೆ ಬಂತೆಂದಿಟ್ಟುಕೊಳ್ಳಿ. ಫೋಟಾನುಗಳು ಅಡ್ಡಾದಿಡ್ಡಿ ಬರುವುದರಿಂದಾಗುವ ಏರಿಳಿತ 1,000ದ ವರ್ಗಮೂಲ, ಅಂದರೆ 32. ಬಾಲ ಈ ಏರಿಳಿತದಲ್ಲಿ ಮುಳುಗಿಹೋಗುತ್ತದೆ. ಇಂಥ 100 ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಿನ್ನೆಲೆ 1,00,000, ಏರಿಳಿತ 316, ಬಾಲ 1,500. ಈಗ ಬಾಲ ಏರಿಳಿತದ ಐದು ಪಟ್ಟಿಗೆ ಹತ್ತಿರ ಬಂತು, ನಂಬಬಹುದು. ಹವ್ಯಾಸಿಗಳ ತಾಳ್ಮೆಗೆ ಸಿಗುವ ಬಹುಮಾನ ಇದು. ಆದರೆ ಮಸೂರದ ಅಂಚಿನ ಕತ್ತಲು, ಸಂವೇದಕದ ಮೇಲಿನ ಧೂಳು ಇವುಗಳನ್ನು ಸರಿದೂಗಿಸಲು ಸಮಬೆಳಕಿನ ಪರದೆಯ ಚಿತ್ರ ತೆಗೆಯುತ್ತಾರಲ್ಲ, ಆ ತಿದ್ದುಪಡಿಯಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದ್ದರೂ ಕೂಡಿಸಿದ ಚಿತ್ರದಲ್ಲಿ ಅದು 1,000 ಎಣಿಕೆ. ಬಾಲಕ್ಕೆ ಪೈಪೋಟಿ ಕೊಡುವಷ್ಟು! ಹೆಚ್ಚು ಚಿತ್ರ ಪೇರಿಸಿದಷ್ಟೂ ಅಡ್ಡಾದಿಡ್ಡಿ ಏರಿಳಿತದ ಪಾಲು ಕುಗ್ಗುತ್ತದೆ, ಈ ತಪ್ಪಿನ ಪಾಲು ಕುಗ್ಗುವುದಿಲ್ಲ. 'ನಲವತ್ತು ಗಂಟೆ ತೆಗೆದಿದ್ದೇನೆ' ಎಂಬುದು ಆದ್ದರಿಂದ ಅರ್ಧ ಉತ್ತರ ಮಾತ್ರ. ದೂರದರ್ಶಕವನ್ನು ಪ್ರತಿ ಸಲ ತುಸು ಸರಿಸಿ ತೆಗೆದಿದ್ದೀರಾ, ಬೇರೆ ರಾತ್ರಿಗಳ ಚಿತ್ರಗಳನ್ನು ಬೇರೆಯಾಗಿ ಪೇರಿಸಿದಾಗಲೂ ಬಾಲ ಅಲ್ಲೇ ಇದೆಯೇ ಎಂಬುದು ಉಳಿದರ್ಧ.

ಇದೂ ಸಾಲದೆಂಬಂತೆ ಪೆಗಸಸ್‌ನ ಈ ಭಾಗದಲ್ಲಿ ನಮ್ಮದೇ ಆಕಾಶಗಂಗೆಯ ಧೂಳಿನ ತೆಳುಪೊರೆಗಳು ಹರಡಿವೆ. ಆಳವಾದ ಚಿತ್ರಗಳಲ್ಲಿ ಎನ್‌ಜಿಸಿ 7331ರ ಸುತ್ತಮುತ್ತ ಮಂಜಿನಂತೆ ಕಾಣುವುದು ಇವೇ. ಪಂಚಕದ ಪಕ್ಕದಲ್ಲಿ ಮೂಡಿದ ಒಂದು ಮಸುಕು, ಹಾಗಾದರೆ, 29 ಕೋಟಿ ಜ್ಯೋತಿರ್ವರ್ಷದ ಬಾಲವೋ, ನಮ್ಮ ಮನೆಯಂಗಳದ ಧೂಳೋ, ಉಪಕರಣದ ದೋಷವೋ? ಮೂರೂ ಚಿತ್ರದಲ್ಲಿ ಒಂದೇ ಬೂದು ಬಣ್ಣ. ವೃತ್ತಿಪರರೂ ಇಲ್ಲಿ ಎಚ್ಚರಿಕೆಯಿಂದ ಹೆಜ್ಜೆ ಇಡುತ್ತಾರೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹವಾಯಿಯ 3.6 ಮೀಟರ್ ಕೆನಡಾ-ಫ್ರಾನ್ಸ್-ಹವಾಯಿ ದೂರದರ್ಶಕದ ಚಿತ್ರಗಳಲ್ಲಿ ಎನ್‌ಜಿಸಿ 7317ರ ಸುತ್ತ ಕೆಂಪು ಛಾಯೆಯ ವಿಶಾಲ ಪ್ರಭೆಯನ್ನು ಗುರುತಿಸಿತು. ಗುಂಪಿನ ಮೂಲೆಯಲ್ಲಿ ತಟಸ್ಥವಾಗಿ ಕುಳಿತಂತೆ ತೋರುತ್ತಿದ್ದ ಆ ಗೆಲಾಕ್ಸಿಯೂ ಬಹುಕಾಲದಿಂದ ಈ ಸೆಳೆದಾಟದಲ್ಲಿ ಪಾಲುದಾರ ಎಂದು ಗೊತ್ತಾದದ್ದು ಆ ಮಸುಕಿನಿಂದ.

ಇನ್ನು ಚೂಪುಗೊಳಿಸುವ ತಂತ್ರಾಂಶಗಳ ವಿಷಯ. ಕೆಲವು ವರ್ಷಗಳಿಂದ, ಸಾವಿರಾರು ಚಿತ್ರಗಳನ್ನು ತೋರಿಸಿ ತರಬೇತು ಮಾಡಿದ ಯಂತ್ರಕಲಿಕೆಯ ತಂತ್ರಾಂಶಗಳು ಹವ್ಯಾಸಿಗಳ ಕೈಗೆ ಬಂದಿವೆ. ಹರಡಿದ ನಕ್ಷತ್ರವನ್ನು ಅವು ಚುಕ್ಕೆಯಾಗಿಸುತ್ತವೆ, ಕಾಳುಕಾಳಾದ ಹಿನ್ನೆಲೆಯನ್ನು ರೇಷ್ಮೆಯಂತೆ ನಯಗೊಳಿಸುತ್ತವೆ. ಒಂಟಿ ನಕ್ಷತ್ರದ ಮೇಲೆ ಇದರಿಂದ ಹೆಚ್ಚಿನ ಅಪಾಯವಿಲ್ಲ, ನಕ್ಷತ್ರ ಚುಕ್ಕೆಯೇ ಆಗಿರಬೇಕೆಂದು ನಮಗೆ ಗೊತ್ತು. ಆದರೆ 7318ಎ ಮತ್ತು 7318ಬಿ ಒಂದರ ಮೇಲೊಂದು ಬಿದ್ದಿರುವ ಜಾಗದಲ್ಲಿ ಏನಿರಬೇಕೆಂದು ಯಾರಿಗೂ ಮೊದಲೇ ಗೊತ್ತಿರಲು ಸಾಧ್ಯವಿಲ್ಲ. ಅಲ್ಲಿ 300 ಚುಕ್ಕೆ ಅಗಲದ ಚಿತ್ರದಿಂದ ಒಂದೊಂದು ಕೋನ-ಸೆಕೆಂಡಿನ ನಕ್ಷತ್ರಗುಚ್ಛಗಳು ಮಣಿಸರದಂತೆ ಹೊರಬಂದರೆ, ಅವು ಸಂವೇದಕದ ಮೇಲೆ ಬಿದ್ದ ಬೆಳಕಿನಿಂದ ಬಂದವೋ ತಂತ್ರಾಂಶದ ನೆನಪಿನಿಂದ ಬಂದವೋ ಹೇಳುವುದು ಹೇಗೆ? ಹಬಲ್ ದೂರದರ್ಶಕ 2009ರಲ್ಲಿ ನೀಡಿದ ಪಂಚಕದ ಚಿತ್ರದ ಪಕ್ಕದಲ್ಲಿಟ್ಟು ಗುಚ್ಛಗಳ ಸ್ಥಾನ ತಾಳೆ ನೋಡುವುದು ಒಂದು ದಾರಿ. ತಾಳೆಯಾಗದವು ಅಲಂಕಾರ. ನಯಗೊಳಿಸಿದ ಹಿನ್ನೆಲೆಯೂ ಇಷ್ಟೇ ಸಂಶಯಾಸ್ಪದ: ಕಾಳುಗಳಿದ್ದ ಚಿತ್ರ ತನ್ನ ಮಿತಿಯನ್ನು ತಾನೇ ಹೇಳುತ್ತಿತ್ತು, ನಯವಾದದ್ದು ಮುಚ್ಚಿಡುತ್ತದೆ.

ವೃತ್ತಿಪರ ಚಿತ್ರಗಳೇನು ಟೀಕಾತೀತವೇ? ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳ ಸಾಲಿನಲ್ಲಿ 2022ರ ಜುಲೈ 12ರಂದು ಬಿಡುಗಡೆಯಾದ ಪಂಚಕದ ಚಿತ್ರ ಸುಮಾರು 1,000 ಕಡತಗಳಿಂದ ಹೊಲಿದದ್ದು, 15 ಕೋಟಿ ಚುಕ್ಕೆಗಳದ್ದು. ಶಾಲಾ ಗೋಡೆಗಳಿಗೆ ಬರುವುದು ಇದೇ. ಅದರ ಬಣ್ಣಗಳು ಕಣ್ಣಿಗೆ ಕಾಣದ ಅವಕೆಂಪಿನ ಬೇರೆ ಬೇರೆ ಪಟ್ಟಿಗಳಿಗೆ ಹಂಚಿಕೊಟ್ಟವು. 7318ಬಿ ಗುಂಪಿನೊಳಕ್ಕೆ ನುಗ್ಗಿ ಎಬ್ಬಿಸಿರುವ ಆಘಾತ ತರಂಗ ಅಲ್ಲಿ ಕೆಂಪು-ಹೊಂಬಣ್ಣದಲ್ಲಿ ಉರಿಯುವಂತಿದೆ. ಮೂಲ ವಿವರಣೆಯಲ್ಲಿ ಇದೆಲ್ಲ ಸ್ಪಷ್ಟವಾಗಿದೆ. ಭಿತ್ತಿಚಿತ್ರವಾಗುವಾಗ ವಿವರಣೆ ಕತ್ತರಿಸಿಹೋಗುತ್ತದೆ. ತರಗತಿಯಲ್ಲಿ 'ಇದರ ನಿಜವಾದ ಬಣ್ಣ ಏನು?' ಎಂಬ ಪ್ರಶ್ನೆ ಬಂದಾಗ ವೆಬ್‌ಗಿಂತ ಒಳ್ಳೆಯ ಹವ್ಯಾಸಿ ಚಿತ್ರವೇ ಹೆಚ್ಚು ಉಪಯುಕ್ತ ಎಂದು ಈ ಲೇಖಕನ ಅಭಿಪ್ರಾಯ. ಕೆಂಪು, ಹಸಿರು, ನೀಲಿ ಶೋಧಕಗಳಲ್ಲಿ ತೆಗೆದು ನಕ್ಷತ್ರಗಳ ಬಣ್ಣಕ್ಕೆ ಸರಿಹೊಂದಿಸಿದ ಚಿತ್ರದಲ್ಲಿ 7320 ನೀಲಿಯಾಗಿ, ಅಲ್ಲಲ್ಲಿ ಗಂಟುಗಂಟಾಗಿ ಕಾಣುತ್ತದೆ; 7317 ಹಳದಿ ಉಂಡೆಯಂತೆ. ಒಂದರಲ್ಲಿ ಎಳೆಯ ಬಿಸಿ ನಕ್ಷತ್ರಗಳು ಹುಟ್ಟುತ್ತಿವೆ, ಇನ್ನೊಂದರಲ್ಲಿ ಹಳೆಯವು ಮಾತ್ರ ಉಳಿದಿವೆ ಎಂದು ವಿದ್ಯಾರ್ಥಿ ತಾನೇ ಊಹಿಸಬಲ್ಲ. 7320ರ ಗಂಟುಗಳು ಅಷ್ಟು ಬಿಡಿಬಿಡಿಯಾಗಿ ತೋರುವುದೇ ಅದು ಹತ್ತಿರದ್ದು ಎಂಬುದಕ್ಕೆ ಒಂದು ಸುಳಿವು. ಆದರೆ ಅತಿಯಾಗಿ ಬಣ್ಣ ಏರಿಸಿದ ಚಿತ್ರಗಳಲ್ಲಿ ಈ ಪಾಠ ನಷ್ಟವಾಗುತ್ತದೆ. ಎಲ್ಲವೂ ಜಾತ್ರೆಯ ಬತ್ತಾಸಿನ ಬಣ್ಣ.

ಚಿತ್ರಕ್ಕೆ ಆಳವಿಲ್ಲ ಎಂದೆವು. ಆದರೆ ಹವ್ಯಾಸಿಯ ಪೆಟ್ಟಿಗೆಯಲ್ಲೇ ಇರುವ ಎರಡು ಶೋಧಕಗಳಿಂದ ಆಳವನ್ನು ಹೊರತರುವ ದಾರಿಯೊಂದಿದೆ. ಅದನ್ನು ಬಳಸುವವರು ಕಡಿಮೆ ಎಂಬುದೇ ಈ ಚಿತ್ರಗಳ ಬಗೆಗಿನ ದೊಡ್ಡ ತಕರಾರು. ನೀಹಾರಿಕೆಗಳಿಗಾಗಿ ಬಳಸುವ ಹೈಡ್ರೊಜನ್-ಆಲ್ಫಾ ಶೋಧಕ 656.3 ನ್ಯಾನೊಮೀಟರ್ ಸುತ್ತಲಿನ ಬೆಳಕನ್ನು ಮಾತ್ರ ಬಿಡುತ್ತದೆ. ಸೆಕೆಂಡಿಗೆ 800 ಕಿಲೋಮೀಟರ್ ವೇಗದ 7320ರಲ್ಲಿ ಈ ರೇಖೆ 658.0ಕ್ಕೆ ಸರಿದಿರುತ್ತದೆ, 7 ನ್ಯಾನೊಮೀಟರ್ ಅಗಲದ ಶೋಧಕದ ಕಿಟಕಿಯೊಳಗೇ ಇದೆ. 6,600ರ ವೇಗದವುಗಳಲ್ಲಿ ಅದೇ ರೇಖೆ 670.7ಕ್ಕೆ ಹೋಗಿರುತ್ತದೆ, ಕಿಟಕಿಯಿಂದ ಬಹಳ ಹೊರಗೆ. ಆದ್ದರಿಂದ ಈ ಶೋಧಕದಲ್ಲಿ 7320ರ ಹೈಡ್ರೊಜನ್ ಮೋಡಗಳು ಹೊಳೆಯುತ್ತವೆ, ಉಳಿದ ನಾಲ್ಕರ ಹೈಡ್ರೊಜನ್ ಕಾಣುವುದಿಲ್ಲ. ಈಗ 672ರ ಸುತ್ತ ಕಿಟಕಿಯಿರುವ, 7-8 ನ್ಯಾನೊಮೀಟರ್ ಅಗಲದ ಗಂಧಕದ ಶೋಧಕ ಹಾಕಿ. ದೂರದ ಗುಂಪಿನ ಹೈಡ್ರೊಜನ್ ಬೆಳಕು ಗಂಧಕದ ಬಾಗಿಲಿನಿಂದ ಒಳಬರುತ್ತದೆ! 7318ಬಿಯದು 668.9ರಲ್ಲಿ, ಅಂದರೆ ಅಂಚಿನಲ್ಲಿ, ಅರೆಬರೆಯಾಗಿ ಸಿಗಬಹುದು. ರೋಹಿತಮಾಪಕವಿಲ್ಲದೆ ಬರ್ಬಿಜ್ ದಂಪತಿಗಳ ಫಲಿತಾಂಶವನ್ನು ಕಣ್ಣಾರೆ ಕಾಣುವ ಪ್ರಯೋಗ ಇದು.

ಇದರಲ್ಲೂ ಎಚ್ಚರ ಬೇಕು. ನಕ್ಷತ್ರಗಳ ಸಾಮಾನ್ಯ ಬೆಳಕು ಎರಡೂ ಶೋಧಕಗಳಲ್ಲಿ ತೂರಿಬರುವುದರಿಂದ ಕೆಂಪು ಶೋಧಕದ ಚಿತ್ರವನ್ನು ತಕ್ಕ ಪ್ರಮಾಣದಲ್ಲಿ ಕಳೆಯಬೇಕು. 7320ರ ಸ್ವಂತ ಗಂಧಕದ ಬೆಳಕೂ ಎರಡನೆಯ ಚಿತ್ರದಲ್ಲಿ ಸ್ವಲ್ಪ ಸೇರಿರುತ್ತದೆ. ಹಾಗಾಗಿ ಒಂದೇ ಚಿತ್ರ ನೋಡಿ ತೀರ್ಪು ಕೊಡುವಂತಿಲ್ಲ, ಎರಡನ್ನೂ ಪಕ್ಕಪಕ್ಕ ಇಡಬೇಕು. 3 ನ್ಯಾನೊಮೀಟರ್ ಅಗಲದ ಕಿರುಶೋಧಕಗಳು ಇಲ್ಲಿ ಕೈಕೊಡುತ್ತವೆ: 658.0 ಆಗಲೇ ಅದರ ಕಿಟಕಿಯ ಹೊರಗೆ. ಕನ್ನಡಿಯ ವ್ಯಾಸಕ್ಕೆ ಹೋಲಿಸಿದರೆ ಸಂಗಮದೂರ ತೀರ ಕಡಿಮೆಯಿರುವ ದೂರದರ್ಶಕಗಳಲ್ಲಿ ಬೆಳಕು ಶೋಧಕದ ಮೂಲಕ ಓರೆಯಾಗಿ ಹಾಯುವುದರಿಂದ ಕಿಟಕಿ ನೀಲಿಯ ಕಡೆಗೆ ತುಸು ಜಾರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿತ್ರದ ಕೆಳಗೆ ಶೋಧಕದ ಅಗಲ, ದೂರದರ್ಶಕದ ಸಂಗಮದೂರ, ಪೇರಿಸಿದ ಚಿತ್ರಗಳ ಸಂಖ್ಯೆ ಮತ್ತು ಬಳಸಿದ ತಂತ್ರಾಂಶದ ಹೆಸರು ಬರೆದಿದ್ದರೆ ಇದನ್ನೆಲ್ಲ ಓದುಗನೇ ಪರಿಶೀಲಿಸಬಲ್ಲ. 'ಸ್ಟೆಫಾನ್ ಪಂಚಕ: 29 ಕೋಟಿ ಜ್ಯೋತಿರ್ವರ್ಷ ದೂರದ ನಾಲ್ಕು, 4 ಕೋಟಿ ಜ್ಯೋತಿರ್ವರ್ಷ ದೂರದ ಒಂದು' ಎಂಬಷ್ಟು ಅಡಿಬರಹಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಬೇಡ.